ಮೂರನೆಯ ಸೈಟಿನ ಬಗ್ಗೆ

ಚಿರಂಜೀವಿಗೆ ನಿನ್ನ ದೊಡ್ಡಪ್ಪ ಮಾಡುವ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ಮೊನ್ನೆ ಫೋನಿನಲ್ಲಿ ನೀನು ಹೇಳಿದ್ದು ತಲೆಯಿಂದ ಹೋಗುತ್ತಿಲ್ಲ. ವಕೀಲಿಕೆ ಶುರು ಮಾಡಿ ನಾಲ್ಕು ವರ್ಷ, ಆಗಲೇ ಎರಡು ಸೈಟು. ಅವನ್ನು ಅಡವಿಟ್ಟು ಮೂರನೆಯದನ್ನು ಕೊಳ್ಳುತ್ತೇನೆ ಅಂದೆ. ಆಗ ನನಗೆ ಮಾತು ಹೊರಡಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಜೇಮ್ಸ್ ವಿಲ್ಸನ್ ಅಂತ ಒಬ್ಬನಿದ್ದ. ಸ್ಕಾಟ್ಲೆಂಡಿನ ರೈತನ ಮಗ, 1742ರಲ್ಲಿ ಹುಟ್ಟಿದವನು. ಹರೆಯದಲ್ಲೇ ಅಮೆರಿಕಕ್ಕೆ ಹೋಗಿ, ಫಿಲಡೆಲ್ಫಿಯದಲ್ಲಿ ಜಾನ್ ಡಿಕಿನ್ಸನ್ ಎಂಬ ವಕೀಲರ ಬಳಿ ಕಾನೂನು ಕಲಿತ. 1776ರ ಸ್ವಾತಂತ್ರ್ಯ ಘೋಷಣೆಗೂ 1787ರ ಸಂವಿಧಾನಕ್ಕೂ ಸಹಿ ಹಾಕಿದವರು ಆರೇ ಜನ. ಅವರಲ್ಲಿ ಇವನೊಬ್ಬ. ಅಧ್ಯಕ್ಷರನ್ನು ಜನರೇ ನೇರವಾಗಿ ಆರಿಸಬೇಕು ಎಂದು ಸಂವಿಧಾನ ಸಭೆಯಲ್ಲಿ ವಾದಿಸಿದ. ರಾಜ್ಯಗಳ ಜನಸಂಖ್ಯೆ ಎಣಿಸುವಾಗ ಒಬ್ಬ ಗುಲಾಮನನ್ನು ಒಬ್ಬ ಮನುಷ್ಯನ ಐದರಲ್ಲಿ ಮೂರು ಪಾಲು ಎಂದು ಲೆಕ್ಕ ಹಿಡಿಯುವ ಸಲಹೆಯನ್ನು ಆ ಸಭೆಯ ಮುಂದಿಟ್ಟವನೂ ಅವನೇ. ಅದನ್ನು ಮುಚ್ಚಿಟ್ಟು ಅವನನ್ನು ಹೊಗಳಲು ನನಗೆ ಮನಸ್ಸಿಲ್ಲ.

1789ರಲ್ಲಿ ಅಧ್ಯಕ್ಷ ವಾಷಿಂಗ್ಟನ್ ಅವನನ್ನು ಸುಪ್ರೀಂ ಕೋರ್ಟಿನ ನ್ಯಾಯಾಧೀಶನನ್ನಾಗಿ ಮಾಡಿದರು. 1793ರಲ್ಲಿ ಚಿಶೋಮ್ ಎಂಬಾತನ ಕೇಸು ಬಂತು. ಯುದ್ಧಕಾಲದಲ್ಲಿ ಜಾರ್ಜಿಯ ರಾಜ್ಯಕ್ಕೆ ಸಾಮಾನು ಕೊಟ್ಟಿದ್ದರ ಬಾಕಿ ಹಣದ ಕೇಸು ಅದು. ರಾಜ್ಯದ ಮೇಲೆ ಯಾರೂ ದಾವೆ ಹೂಡುವಂತಿಲ್ಲ ಎಂದು ಜಾರ್ಜಿಯ ಹಟ ಹಿಡಿಯಿತು. ವಿಲ್ಸನ್ ಒಪ್ಪಲಿಲ್ಲ. ಕರಾರು ಮಾಡಿಕೊಂಡ ವ್ಯಾಪಾರಿ ಹೇಗೆ ಬಾಕಿ ತೀರಿಸಬೇಕೋ ರಾಜ್ಯವೂ ಹಾಗೇ ತೀರಿಸಬೇಕು ಎಂದು ಬರೆದ. ಎಂಥ ಗಟ್ಟಿ ಮಾತು, ಅಲ್ವಾ?

ಅದನ್ನು ಬರೆದ ಕೈಯೇ ಸಾಲದ ಪತ್ರಗಳಿಗೂ ಸಹಿ ಹಾಕುತ್ತಿತ್ತು. ಸಾಲ ತಂದು ಲಕ್ಷಗಟ್ಟಲೆ ಎಕರೆ ಜಮೀನು ಕೊಂಡಿದ್ದ. ಬೆಲೆ ಏರುತ್ತದೆ, ಮಾರಿ ತೀರಿಸುತ್ತೇನೆ ಎಂಬ ನಂಬಿಕೆ. 1796, 97ರ ಹೊತ್ತಿಗೆ ಸಾಲ ಹುಟ್ಟುವುದು ನಿಂತಿತು, ಜಮೀನು ಕೇಳುವವರಿಲ್ಲ. ನ್ಯೂಜೆರ್ಸಿಯ ಬರ್ಲಿಂಗ್ಟನ್‌ನಲ್ಲಿ ಸಾಲಕ್ಕಾಗಿ ಜೈಲಿಗೆ ಹಾಕಿದರು. ಬಿಡುಗಡೆಯಾಗಿ ದಕ್ಷಿಣಕ್ಕೆ ಓಡಿದರೆ ನಾರ್ತ್ ಕ್ಯಾರೊಲಿನಾದಲ್ಲಿ ಮತ್ತೆ ಹಿಡಿಸಿದರು. ಹಿಡಿಸಿದ್ದು ಅವನಿಂದ ಸಾಲ ಬರಬೇಕಿದ್ದ ಪಿಯರ್ಸ್ ಬಟ್ಲರ್. ಸಂವಿಧಾನ ಸಭೆಯಲ್ಲಿ ಜೊತೆಗೆ ಕೂತಿದ್ದವನೇ! ಇಷ್ಟೆಲ್ಲ ಆಗುವಾಗಲೂ ವಿಲ್ಸನ್ ಸುಪ್ರೀಂ ಕೋರ್ಟ್ ನ್ಯಾಯಾಧೀಶ. 1798ರ ಆಗಸ್ಟ್‌ನಲ್ಲಿ ಈಡನ್‌ಟನ್ ಎಂಬ ಊರಿನಲ್ಲಿ ಕಾಯಿಲೆ ಬಿದ್ದು ಸತ್ತ. ವಯಸ್ಸು 55. ಆರೈಕೆಗೆ ಹೆಂಡತಿ ಹ್ಯಾನಾ ಹತ್ತಿರವಿದ್ದಳು. ಅವನ ಅವಶೇಷ ಫಿಲಡೆಲ್ಫಿಯಕ್ಕೆ ಬಂದದ್ದು 1906ರಲ್ಲಿ.

ಸುಮ್ನೆ ಹೆದರಿಸಲು ಇದನ್ನು ಹೇಳುತ್ತಿಲ್ಲ ಮಗು. ಸಾಲ ದುಡ್ಡನ್ನಷ್ಟೇ ತಿನ್ನುವುದಿಲ್ಲ, ಗಮನವನ್ನೂ ತಿನ್ನುತ್ತದೆ. ನಿನ್ನ ವಯಸ್ಸಿನಲ್ಲಿ ನಾನೂ ಕಂತಿನ ಮೇಲೆ ಜಾಗ ಕೊಂಡಿದ್ದೆ. ಒಬ್ಬ ಹೆಂಗಸಿನ ಜೀವನಾಂಶದ ಫೈಲು ಕೈಯಲ್ಲಿ, ಬಡ್ಡಿ ಲೆಕ್ಕ ತಲೆಯಲ್ಲಿ. ವಾಯಿದೆಯ ದಿನ ಮರೆತುಬಿಟ್ಟೆ. ಆಕೆ ಮಗುವನ್ನು ಎತ್ತಿಕೊಂಡು ಎರಡು ಬಸ್ಸು ಹತ್ತಿ ಬಂದು, ಕೋರ್ಟಿನ ಜಗಲಿಯಲ್ಲಿ ಸಂಜೆವರೆಗೂ ಕಾದಿದ್ದರಂತೆ. ಆ ಜಾಗವನ್ನು ನಷ್ಟಕ್ಕೇ ಮಾರಿದೆ. ಆ ಸಂಜೆ ಮಾತ್ರ ಇನ್ನೂ ಕಣ್ಣ ಮುಂದಿದೆ.

ಸದ್ಯ ಅಡ್ವಾನ್ಸ್ ಕೊಡಬೇಡ. ಯುಗಾದಿಗೆ ಬರುವಾಗ ಎರಡೂ ಸೈಟಿನ ಕಾಗದಪತ್ರ, ಬ್ಯಾಂಕಿನ ಲೆಕ್ಕ ತೆಗೆದುಕೊಂಡು ಬಾ. ಊಟ ಮುಗಿಸಿ ಇಬ್ಬರೂ ಜಗಲಿಯಲ್ಲಿ ಕೂತು ನೋಡೋಣ. ನಿನ್ನ ದೊಡ್ಡಮ್ಮ ಒಬ್ಬಟ್ಟಿಗೆ ಈಗಲೇ ಬೆಲ್ಲ ತರಿಸಿಟ್ಟಿದ್ದಾಳೆ.

ಇಂತಿ,
ನಿನ್ನ ದೊಡ್ಡಪ್ಪ