ಬರ್ಲಿನ್ ಸಂಸತ್ ಭವನ: ಗುಮ್ಮಟ ನೋಡಿದರೆ ಸಾಲದು

ಮಾನ್ಯ ಸಂಪಾದಕರೇ,

ಯುರೋಪ್ ಪ್ರವಾಸ ಮಾಡುವ ಕನ್ನಡಿಗರು ಹೆಚ್ಚಿದಂತೆ, ಬರ್ಲಿನ್ನಿನ ರೈಕ್‌ಸ್ಟಾಗ್ ಭವನದ ಗಾಜಿನ ಗುಮ್ಮಟದ ವರ್ಣನೆಯೂ ಪತ್ರಿಕೆಗಳ ಪ್ರವಾಸ ಪುಟಗಳಲ್ಲಿ ಆಗಾಗ ಕಾಣಿಸಿಕೊಳ್ಳುತ್ತಿದೆ. ಜನಪ್ರತಿನಿಧಿಗಳು ಕೆಳಗೆ ಕುಳಿತಿರುವಾಗ ಸಾಮಾನ್ಯ ಪ್ರಜೆ ಅವರ ತಲೆಯ ಮೇಲೆ ಓಡಾಡುತ್ತಾನೆ, ಆದ್ದರಿಂದ ಅದು ಪಾರದರ್ಶಕ ಆಡಳಿತದ ಸಂಕೇತ ಎಂಬ ಮಾತು ಬಹುತೇಕ ಎಲ್ಲ ಬರಹಗಳಲ್ಲೂ ಇರುತ್ತದೆ. ಆ ಭವನವನ್ನು ಒಳಗೂ ಹೊರಗೂ ನೋಡಿಬಂದಿರುವ ನನಗೆ, ಅಲ್ಲಿ ನಿಜವಾಗಿ ನೋಡಬೇಕಾದದ್ದು ಗುಮ್ಮಟಕ್ಕಿಂತ ಅದರ ಕೆಳಗಿನ ಗೋಡೆಗಳು ಎನಿಸಿದ್ದರಿಂದ ಈ ಪತ್ರ.

ಗುಮ್ಮಟ ಸುಂದರವಾಗಿದೆ, ಅದರಲ್ಲಿ ಎರಡು ಮಾತಿಲ್ಲ. ಸುಮಾರು 40 ಮೀಟರ್ ವ್ಯಾಸದ ಆ ಗಾಜಿನ ಗೋಳದೊಳಗೆ ಎರಡು ಇಳಿಜಾರು ಹಾದಿಗಳು ಸುತ್ತಿಕೊಂಡು ಸಾಗುತ್ತವೆ. ಒಂದರಲ್ಲಿ ಹತ್ತಿ ಇನ್ನೊಂದರಲ್ಲಿ ಇಳಿಯಬಹುದು. ನಡುವಿನಲ್ಲಿರುವ ಆಲಿಕೆಯಾಕಾರದ ಕಂಬಕ್ಕೆ ಜೋಡಿಸಿರುವ 360 ಕನ್ನಡಿಗಳು ಹಗಲ ಬೆಳಕನ್ನು ಕೆಳಗಿನ ಸಭಾಂಗಣಕ್ಕೆ ಇಳಿಸುತ್ತವೆ. ಅದೇ ಕಂಬದ ಮೂಲಕ ಸಭಾಂಗಣದ ಬಿಸಿಗಾಳಿ ಹೊರಹೋಗುತ್ತದೆ. ಮೇಲೆ ನಿಂತರೆ ಬ್ರಾಂಡೆನ್‌ಬುರ್ಗ್ ದ್ವಾರ, ಟೀರ್‌ಗಾರ್ಟನ್ ಉದ್ಯಾನ, ಸ್ಪ್ರೇ ನದಿ, ದೂರದ ಟೆಲಿವಿಷನ್ ಗೋಪುರ ಎಲ್ಲವೂ ಕಾಣುತ್ತವೆ. ಆದರೆ ಕೆಳಗಿನ ಸಭಾಂಗಣ ಕಾಣುವುದು ಗಾಜಿನ ಪ್ರತಿಫಲನದ ನಡುವೆ ಒಂದಿಷ್ಟು ಆಸನಗಳಾಗಿ ಮಾತ್ರ. ಅಲ್ಲಿ ನಡೆಯುವ ಚರ್ಚೆಯ ಒಂದಕ್ಷರವೂ ಮೇಲಿದ್ದವರಿಗೆ ಕೇಳುವುದಿಲ್ಲ. ಅಂದಹಾಗೆ, ಈ ಭವನವನ್ನು ನವೀಕರಿಸಿದ ಬ್ರಿಟಿಷ್ ವಾಸ್ತುಶಿಲ್ಪಿ ನಾರ್ಮನ್ ಫಾಸ್ಟರ್ ಅವರ ಮೊದಲ ಯೋಜನೆಯಲ್ಲಿ ಗುಮ್ಮಟವೇ ಇರಲಿಲ್ಲ. ಗುಮ್ಮಟ ಬೇಕೆಂದು ಪಟ್ಟು ಹಿಡಿದದ್ದು ಸಂಸತ್ತು.

ಗೋಡೆಗಳ ಕಥೆ ಬೇರೆ. ಪೌಲ್ ವಾಲೋಟ್ ಎಂಬ ವಾಸ್ತುಶಿಲ್ಪಿಯ ವಿನ್ಯಾಸದಂತೆ 1884ರಿಂದ 1894ರವರೆಗೆ ಕಟ್ಟಲಾದ ಈ ಭವನದ ಮುಂಭಾಗದಲ್ಲಿ ‘ಜರ್ಮನ್ ಜನತೆಗೆ’ ಎಂಬ ಬರಹ ಸೇರಿದ್ದು 1916ರಲ್ಲಿ, ಮೊದಲ ಮಹಾಯುದ್ಧದ ನಡುವೆ. ಆ ಅಕ್ಷರಗಳನ್ನು ಎರಕ ಹೊಯ್ದದ್ದು ಒಂದು ಯಹೂದಿ ಕುಟುಂಬದ ಕಾರ್ಖಾನೆ ಎಂಬುದನ್ನು ತಿಳಿದು ಅದನ್ನು ಓದಿದರೆ ಬರಹದ ತೂಕವೇ ಬೇರೆಯಾಗುತ್ತದೆ. 1933ರ ಫೆಬ್ರುವರಿ 27ರ ರಾತ್ರಿ ಭವನಕ್ಕೆ ಬೆಂಕಿ ಬಿತ್ತು. ಮರುದಿನವೇ ಹೊರಟ ಸುಗ್ರೀವಾಜ್ಞೆಯೊಂದು ವಾಕ್‌ ಸ್ವಾತಂತ್ರ್ಯವನ್ನೂ ಪತ್ರಿಕಾ ಸ್ವಾತಂತ್ರ್ಯವನ್ನೂ ಸಭೆ ಸೇರುವ ಹಕ್ಕನ್ನೂ ಕಿತ್ತುಕೊಂಡಿತು. ಹಿಟ್ಲರನ ಸರ್ವಾಧಿಕಾರಕ್ಕೆ ಅದೇ ಹೆಬ್ಬಾಗಿಲಾಯಿತು. 1945ರಲ್ಲಿ ಭವನವನ್ನು ವಶಪಡಿಸಿಕೊಂಡ ಸೋವಿಯತ್ ಸೈನಿಕರು ಇದ್ದಿಲಿನಿಂದಲೂ ಸೀಮೆಸುಣ್ಣದಿಂದಲೂ ಗೋಡೆಗಳ ಮೇಲೆ ತಮ್ಮ ಹೆಸರು, ಊರು, ತಾವು ಸಾಗಿ ಬಂದ ದಾರಿಗಳನ್ನು ಬರೆದರು. ಯುದ್ಧದಲ್ಲಿ ಜಖಂಗೊಂಡಿದ್ದ ಹಳೆಯ ಗುಮ್ಮಟವನ್ನು 1954ರಲ್ಲಿ ಸ್ಫೋಟಿಸಿ ಕೆಡವಲಾಯಿತು. 1961ರಿಂದ ಬರ್ಲಿನ್ ಗೋಡೆ ಭವನದ ಬೆನ್ನಿಗೇ ಹಾದುಹೋಯಿತು.

1960ರ ದಶಕದ ದುರಸ್ತಿಯಲ್ಲಿ ಹಲಗೆಗಳ ಹಿಂದೆ ಮರೆಯಾಗಿದ್ದ ಆ ಸೈನಿಕರ ಬರಹಗಳು, 1990ರ ದಶಕದಲ್ಲಿ ಫಾಸ್ಟರ್ ತಂಡ ಹಲಗೆಗಳನ್ನು ಕಿತ್ತಾಗ ಮತ್ತೆ ಬೆಳಕಿಗೆ ಬಂದವು. ಸೋತ ದೇಶದ ಸಂಸತ್ತಿನಲ್ಲಿ ಗೆದ್ದವರ ಗೀಚುಬರಹ ಏಕಿರಬೇಕೆಂದು ಆಕ್ಷೇಪಿಸಿದ ಸಂಸದರೂ ಇದ್ದರು. ಆದರೂ ಅವುಗಳಲ್ಲಿ ಹಲವನ್ನು ಹಾಗೆಯೇ ಉಳಿಸಿಕೊಳ್ಳಲಾಯಿತು. ಇಂದು ಜರ್ಮನಿಯ ಸಂಸದರು ಸಭಾಂಗಣಕ್ಕೆ ಹೋಗುವಾಗ ಆ ಸಿರಿಲಿಕ್ ಅಕ್ಷರಗಳ ಪಕ್ಕದಲ್ಲೇ ಹಾದುಹೋಗುತ್ತಾರೆ. ನೆಲಮಾಳಿಗೆಯಲ್ಲಿ ಕ್ರಿಸ್ಟಿಯಾನ್ ಬೋಲ್ಟಾನ್ಸ್ಕಿ ಎಂಬ ಫ್ರೆಂಚ್ ಕಲಾವಿದ ರಚಿಸಿದ ಕಲಾಕೃತಿಯೊಂದಿದೆ. 1919ರಿಂದ 1999ರವರೆಗೆ ಪ್ರಜಾಸತ್ತಾತ್ಮಕವಾಗಿ ಚುನಾಯಿತರಾದ ಪ್ರತಿಯೊಬ್ಬ ಸದಸ್ಯರ ಹೆಸರಿನಲ್ಲೂ ಒಂದೊಂದು ಲೋಹದ ಪೆಟ್ಟಿಗೆ ಅಲ್ಲಿದೆ. ಪ್ರಜಾಪ್ರಭುತ್ವ ಇಲ್ಲದಿದ್ದ ನಾಜಿ ವರ್ಷಗಳಿಗೆ ಇರುವುದು ಒಂದೇ ಕಪ್ಪು ಪೆಟ್ಟಿಗೆ. ಯಾವ ಗಾಜಿನ ಗೋಡೆಯೂ ಇಷ್ಟು ಪಾರದರ್ಶಕವಾಗಿರಲಾರದು ಎಂದು ನನಗೆ ಅಲ್ಲಿ ತೋರಿತು.

ಕೇವಲ ಗುಮ್ಮಟಕ್ಕೆ ಹೋಗುವವರನ್ನು ಲಿಫ್ಟ್ ನೇರವಾಗಿ ತಾರಸಿಗೆ ಒಯ್ಯುವುದರಿಂದ ಇವೆಲ್ಲ ಅವರ ಕಣ್ಣಿಗೆ ಬೀಳುವುದಿಲ್ಲ. ಆದ್ದರಿಂದ ಬರ್ಲಿನ್ನಿಗೆ ಹೊರಟ ಓದುಗರಲ್ಲಿ ನನ್ನ ಮನವಿ ಇಷ್ಟು: ಜರ್ಮನಿಯ ಸಂಸತ್ತಾದ ಬುಂಡೆಸ್ಟಾಗ್‌ನ ಅಧಿಕೃತ ಜಾಲತಾಣದಲ್ಲಿ ಹೆಸರು ನೋಂದಾಯಿಸುವಾಗ ಗುಮ್ಮಟದ ಭೇಟಿಯೊಂದನ್ನೇ ಆರಿಸದೆ, ಸುಮಾರು ಒಂದೂವರೆ ಗಂಟೆಯ ಮಾರ್ಗದರ್ಶಿ ಭೇಟಿಯನ್ನು ಆರಿಸಿಕೊಳ್ಳಿ. ಅದು ಮುಗಿದ ಮೇಲೆ ಗುಮ್ಮಟಕ್ಕೂ ಹೋಗಬಹುದು. ಎರಡೂ ಉಚಿತ, ಸ್ಥಳಗಳು ಬೇಗ ಭರ್ತಿಯಾಗುವುದರಿಂದ ವಾರಗಳ ಮೊದಲೇ ನೋಂದಾಯಿಸುವುದು ಒಳ್ಳೆಯದು. ಪಾಸ್‌ಪೋರ್ಟ್ ಮರೆಯಬೇಡಿ, ಬಾಗಿಲಲ್ಲಿ ತಪಾಸಣೆ ಬಿಗಿಯಾಗಿರುತ್ತದೆ.

ನಮ್ಮ ವಿಧಾನಸೌಧದಲ್ಲೂ 2025ರಿಂದ ಸಾರ್ವಜನಿಕರಿಗೆ ಮಾರ್ಗದರ್ಶಿ ನಡಿಗೆ ಆರಂಭವಾಗಿರುವುದು ಸಂತೋಷದ ಸಂಗತಿ. ಕೆಂಗಲ್ ಹನುಮಂತಯ್ಯನವರ ಕನಸು, ಗ್ರಾನೈಟ್ ಕಲ್ಲಿನ ಕೆತ್ತನೆ, ಕಂಬಗಳ ಸಾಲು ಇವುಗಳ ವಿವರಣೆ ಬೇಕೇ ಬೇಕು. ಅದರೊಡನೆ ಆ ಸಭಾಂಗಣದೊಳಗೆ ನಡೆದದ್ದನ್ನೂ ಹೇಳಬೇಕು. ಮೈಸೂರು ರಾಜ್ಯ 1973ರಲ್ಲಿ ಕರ್ನಾಟಕವಾದ ಬಗೆ, ದೇವರಾಜ ಅರಸು ಅವರ ಕಾಲದ ಭೂಸುಧಾರಣಾ ಕಾನೂನಿನ ಚರ್ಚೆ, ಶಾಂತವೇರಿ ಗೋಪಾಲಗೌಡರಂಥವರು ವಿರೋಧ ಪಕ್ಷದ ಸಾಲಿನಿಂದ ಆಡಿದ ಮಾತು, ಜೊತೆಗೆ ಸದನ ತಲೆತಗ್ಗಿಸಬೇಕಾದ ಪ್ರಸಂಗಗಳು, ಇವಿಷ್ಟನ್ನೂ ಭೇಟಿ ನೀಡುವವರಿಗೆ, ಮುಖ್ಯವಾಗಿ ಶಾಲಾ ಮಕ್ಕಳಿಗೆ, ಮುಚ್ಚುಮರೆಯಿಲ್ಲದೆ ತಿಳಿಸುವ ವ್ಯವಸ್ಥೆಯನ್ನು ಪ್ರವಾಸೋದ್ಯಮ ಇಲಾಖೆಯೂ ವಿಧಾನಮಂಡಲದ ಸಚಿವಾಲಯವೂ ಸೇರಿ ಮಾಡಬೇಕೆಂದು ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಓರ್ವ ಓದುಗ, ಮೈಸೂರು