‘ಬಸ್ ಬಂದಾಗ’ ಅನ್ನೋರಿಗೆ ‘ವಿಲ್’ ಯಾಕೆ?

ಸಂಪಾದಕರೇ ನಮಸ್ಕಾರ,

ಮಕ್ಕಳ ಇಂಗ್ಲಿಷ್ ಬಗ್ಗೆ ಪೇಪರಲ್ಲಿ ಆಗಾಗ ಪತ್ರ ಬರ್ತಿರುತ್ತೆ, ನಂದೂ ಒಂದಿರ್ಲಿ. ಮೊನ್ನೆ ಒಂಬತ್ತನೇ ಕ್ಲಾಸ್ ಮಗಳ ನೋಟ್‌ಬುಕ್ ತಿರುವಿ ಹಾಕ್ತಿದ್ದೆ, ‘ವೆನ್ ದ ಬಸ್ ವಿಲ್ ಕಮ್, ವಿ ವಿಲ್ ಗೋ’ ಅಂತ ಬರ್ದಿದಾಳೆ, ಮೊದಲ್ನೇ ‘ವಿಲ್’ಗೆ ಕೆಂಪು ಗೀಟು, ಪಕ್ಕದಲ್ಲಿ ಏನೂ ಇಲ್ಲ. ಯಾಕಂತ ಕೇಳಿದ್ದಕ್ಕೆ ‘ಕನ್ನಡದಲ್ಲಿ ಯೋಚ್ನೆ ಮಾಡಿ ಬರೀತೀಯ, ಅದ್ಕೇ ತಪ್ಪು’ ಅಂದ್ರಂತೆ ಮೇಷ್ಟ್ರು.

ನಂಗೆ ತಡೀಲಿಲ್ಲ ಸಾರ್. ಕನ್ನಡದಲ್ಲಿ ಯೋಚ್ನೆ ಮಾಡಿದ್ದಿದ್ರೆ ಆ ತಪ್ಪು ಆಗ್ತಾನೇ ಇರ್ಲಿಲ್ಲ. ಬಸ್ಸು ಇನ್ನೂ ಡಿಪೋದಲ್ಲೇ ನಿಂತಿರುತ್ತೆ, ನಾವಾಗ್ಲೇ ‘ಬಸ್ ಬಂದಾಗ ಹೋಗೋಣ’ ಅಂತೀವಿ. ಮಳೆ ಧೋ ಅಂತ ಸುರೀತಿರುತ್ತೆ, ನಮ್ಮಮ್ಮ ‘ನಿಂತ ಮೇಲೆ ಬಟ್ಟೆ ಒಣಹಾಕ್ತೀನಿ’ ಅಂತಾರೆ. ಬಂದ, ನಿಂತ, ಎಲ್ಲಿದೆ ಭವಿಷ್ಯತ್ಕಾಲ? ಅದು ಕೊನೇ ಕ್ರಿಯಾಪದದಲ್ಲಿ ಒಂದ್ಸಲ ಬಂದ್ರೆ ಮುಗೀತು. ಇಂಗ್ಲಿಷಿನೋರದ್ದೂ ಇದೇ ಲೆಕ್ಕ, ‘ಬಂದ’ ಬದ್ಲು ವರ್ತಮಾನದ ‘ಕಮ್ಸ್’ ಹಾಕ್ತಾರೆ ಅಷ್ಟೇ, ವೆನ್ ದ ಬಸ್ ಕಮ್ಸ್, ಆಫ್ಟರ್ ದ ರೇನ್ ಸ್ಟಾಪ್ಸ್, ಆ್ಯಸ್ ಸೂನ್ ಆ್ಯಸ್ ಐ ರೀಚ್. 1611ರ ಇಂಗ್ಲಿಷ್ ಬೈಬಲ್‌ನಲ್ಲಿ ‘ವೆನ್’ ಜೊತೆ ‘ಶಾಲ್’ ಸಿಗುತ್ತೆ, ಫ್ರೆಂಚರು ಇವತ್ತಿಗೂ ಅಲ್ಲಿ ಭವಿಷ್ಯತ್ಕಾಲನೇ ಬಳಸ್ತಾರೆ, ಅದು ಬೇರೆ ಮಾತು. ನಮ್ಮ ಹುಡುಗಿಗೆ ತಪ್ಪು ಬಂದಿದ್ದು ಗೋಡೆ ಮೇಲಿನ ಟೆನ್ಸ್ ಚಾರ್ಟಿಂದ, ನಾಳೆ ಅಂದ್ರೆ ವಿಲ್ ಅಂತ ಉರುಹೊಡೆಸಿದ್ದಾರಲ್ಲ ಅದ್ರಿಂದ.

ಇನ್ನೊಂದು ಗೋಜಲು, ‘ಐ ಡೋಂಟ್ ನೋ ವೆನ್ ಹಿ ವಿಲ್ ಕಮ್’ ಮಾತ್ರ ಸರಿ ಹೆಂಗೆ ಅಂತ. ಇದಕ್ಕೂ ಕನ್ನಡನೇ ಕೇಳಿ. ‘ಯಾವಾಗ ಬರ್ತಾನೋ ಗೊತ್ತಿಲ್ಲ’, ಒಳಗೊಂದು ಪ್ರಶ್ನೆ ಕೂತಿದೆ, ವಿಲ್ ಇರ್ಲಿ. ‘ಬಂದಾಗ ಹೇಳ್ತೀನಿ’, ಪ್ರಶ್ನೆ ಇಲ್ಲ, ವಿಲ್ ತೆಗೀರಿ. ಕೆಲವ್ರು ‘ಯಾವಾಗ ಬರ್ತಾನೋ ಆವಾಗ ಕೊಡ್ತೀನಿ’ ಅಂತಾರೆ, ಅದನ್ನ ‘ಬಂದಾಗ ಕೊಡ್ತೀನಿ’ ಅಂತ ತಿರುಗಿಸ್ಬಹುದು, ಹಂಗಾಗಿ ಅಲ್ಲೂ ಬೇಡ.

ಕನ್ನಡ ನಿಜವಾಗ್ಲೂ ಕೈಕೊಡೋದು ‘ಬಿಫೋರ್’ ಹತ್ರ. ಆಗಿಹೋಗಿದ್ದಕ್ಕೂ ನಾವು ‘ಡಾಕ್ಟ್ರು ಬರೋಕ್ ಮುಂಚೆನೇ ಪೇಷಂಟ್ ಹೋಗ್ಬಿಟ್ಟಿದ್ದ’ ಅಂತೀವಿ, ಆ ‘ಬರೋಕ್’ ಕೇಳಿಸ್ಕೊಂಡು ಮಕ್ಕಳು ‘ಬಿಫೋರ್ ದ ಡಾಕ್ಟರ್ ಕಮ್ಸ್’ ಅಂತ ಬರೀತಾರೆ, ‘ಕೇಮ್’ ಆಗ್ಬೇಕು. ಅಲ್ಲಿ ಕನ್ನಡನ ಬೈದ್ರೆ ಒಪ್ಕೋತೀನಿ. ಆದ್ರೆ ‘ಅನ್‌ಟಿಲ್ ಹಿ ಡಸಂಟ್ ಕಮ್’ ನಮ್ಮ ತಲೆಗೆ ಕಟ್ಬೇಡಿ, ಅದು ಹಿಂದಿಯ ‘ಜಬ್ ತಕ್ ನಹೀ’ ಗಿರಾಕಿ, ನಮ್ಮ ‘ಬರೋತನಕ’ದಲ್ಲಿ ‘ಇಲ್ಲ’ ಎಲ್ಲಿದೆ ಹೇಳಿ?

ರಾತ್ರಿ ಊಟಕ್ಕೆ ಕೂತಾಗ ಮಗಳಿಗೆ ಇದನ್ನೆಲ್ಲ ಹೇಳ್ದೆ. ‘ಹಂಗಾದ್ರೆ ಇಫ್‌ಗೂ ವಿಲ್ ಬೇಡ್ವಾ?’ ಅಂದ್ಲು. ‘ಬಸ್ ಬಂದ್ರೆ’ ಅಂತ ಹೇಳ್ನೋಡು ಅಂದೆ. ಬಾಯ್ತುಂಬ ಅನ್ನ ಇಟ್ಕೊಂಡೇ ಎರಡ್ಸಲ ಗುನುಗಿ, ‘ಅಯ್ಯೋ, ಇಲ್ಲೂ ಬಂದಾ!’ ಅಂದ್ಲು.

– ಒಬ್ಬ ಓದುಗ, ತುಮಕೂರು