ಆ ಕಾಲುದಾರಿ ನಕಾಶೆಗೆ ಬರಲಿ: ಕುಮಟಾ ಶಾಸಕರಿಗೊಂದು ಬಹಿರಂಗ ಪತ್ರ

ಕುಮಟಾ-ಹೊನ್ನಾವರ ಕ್ಷೇತ್ರದ ಮಾನ್ಯ ಶಾಸಕರಿಗೆ,

ನಮಸ್ಕಾರ.

ನಾನು ಕುಮಟಾದವಳು. ವರ್ಷಕ್ಕೊಮ್ಮೆ, ಮಳೆ ಹಿಂದಾಗಿ ಬೇಣದ ಹುಲ್ಲು ಇನ್ನೂ ಒಣಗದಿರುವ ಹೊತ್ತಿಗೆ, ಎರಡು ದಿನ ರಜೆ ಹಾಕಿ ಗೋಕರ್ಣದವರೆಗೆ ಕಡಲಂಚಿನಲ್ಲೇ ನಡೆದು ಹೋಗುತ್ತೇನೆ. ಹುಬ್ಬಳ್ಳಿಯ ಗೆಳತಿಯರು ಬಸ್ಸಿಗೆ, ಬೆಂಗಳೂರಿನವರು ರೈಲಿಗೆ ಬಂದು ಕುಮಟಾದಲ್ಲಿ ಇಳಿಯುತ್ತಾರೆ. ವನ್ನಳ್ಳಿ, ಕಡ್ಲೆ ದಾಟಿ ಸಂಜೆಯೊಳಗೆ ಅಘನಾಶಿನಿ ಊರು. ಅಲ್ಲಿ ತಾರಿಯಲ್ಲಿ, ಅಂದರೆ ಜನ ದಾಟಿಸುವ ದೋಣಿಯಲ್ಲಿ, ಹೊಳೆ ದಾಟಿದರೆ ತದಡಿ. ಮರುದಿನ ಬೇಲೆಕಾನ, ಪ್ಯಾರಡೈಸ್, ಹಾಫ್ ಮೂನ್, ಓಂ, ಕುಡ್ಲೆ ಎಂದು ಒಂದೊಂದೇ ದಂಡೆ ಇಳಿದು, ಒಂದೊಂದೇ ಗುಡ್ಡ ಹತ್ತಿ, ಕೊನೆಗೆ ಮಹಾಬಲೇಶ್ವರನ ಗುಡಿ. ವಾಪಸ್ಸಿಗೆ ಗೋಕರ್ಣ ರೋಡ್ ಸ್ಟೇಷನ್ ಇದ್ದೇ ಇದೆ. ಕಾರು ಬೇಡ, ಪ್ಯಾಕೇಜ್ ಬೇಡ.

ಹಾಫ್ ಮೂನ್ ಬಿಟ್ಟು ಓಂ ಕಡೆ ಬರುವ ತುಣುಕು ನನಗೆ ಎಲ್ಲಕ್ಕಿಂತ ಇಷ್ಟ. ಕೆಂಪು ಚೀರೆಕಲ್ಲಿನ ಮೇಲೆ ಒಬ್ಬರೇ ನಡೆಯುವಷ್ಟು ಜಾಡು, ಕಾಲು ಬಿದ್ದು ಬಿದ್ದು ನುಣುಪಾಗಿದೆ. ಎಡಕ್ಕೆ ನೇರ ಕೆಳಗೆ ಕಡಲು, ಬಲಕ್ಕೆ ಕೌಳಿ ಮಟ್ಟಿ, ಗೇರುಮರ. ತೆರೆ ಬಂಡೆಗೆ ಬಡಿದಾಗ ಸದ್ದು ಮೊದಲು ಅಂಗಾಲಿಗೆ ತಿಳಿಯುತ್ತದೆ, ಆಮೇಲೆ ಕಿವಿಗೆ.

ಕಳೆದ ಸಲ ಹೋದಾಗ ಗುಡ್ಡದ ಒಂದು ಇಳಿಜಾರಿನಲ್ಲಿ ಜಾಡಿಗೆ ಅಡ್ಡಲಾಗಿ ತಂತಿಬೇಲಿ ಬಂದಿತ್ತು. ಮೀನುಬುಟ್ಟಿ ಹೊತ್ತ ಅಮ್ಮನೊಬ್ಬರು ಅದರೆದುರು ನಿಂತಿದ್ದರು. "ಮೊನ್ನೆವರೆಗೂ ಇರ್ಲಿಲ್ಲ ತಂಗಿ" ಎಂದರು. ಬುಟ್ಟಿ ಇಳಿಸಿ, ತಂತಿಯಡಿ ಮೊದಲು ಅದನ್ನು ಆಚೆ ತಳ್ಳಿ, ಸೆರಗು ಸಿಕ್ಕದಂತೆ ಬಾಯಲ್ಲಿ ಕಚ್ಚಿಕೊಂಡು ತಾವೂ ನುಸುಳಿದರು. ನಾನು ವರ್ಷಕ್ಕೊಮ್ಮೆ ನಡೆಯುವವಳು, ಅವರಿಗೆ ಅದು ದಿನದ ದಾರಿ.

ಆ ಜಾಗ ಬೇಲಿ ಹಾಕಿದವರದ್ದೇ ಇರಬಹುದು. ಆದರೆ ಜಾಗ ಮಾರಿದಾಗ ದಾರಿಯೂ ಮಾರಾಟವಾಗಬೇಕೇ? ಗ್ರಾಮನಕಾಶೆಯಲ್ಲಿ ಗೆರೆ ಇದ್ದರೆ ಅದು ನಕಾಶೆಕಂಡ ದಾರಿ, ಮುಚ್ಚಿದರೆ ತಹಶೀಲ್ದಾರರು ತೆರವು ಮಾಡಿಸಬಹುದು. ಗೆರೆ ಇಲ್ಲದಿದ್ದರೆ ಬರೀ ಬಾಯಿಮಾತಿನ ದಾರಿ, ಕೇಳುವವರಿಲ್ಲ. ಹಾಗಾಗಿ ನನ್ನ ಮುಖ್ಯ ಬೇಡಿಕೆ ಒಂದೇ. ಕುಮಟಾದಿಂದ ಗೋಕರ್ಣದವರೆಗೆ ಈ ಜಾಡನ್ನು ಸರ್ವೆ ಮಾಡಿಸಿ. ನಕಾಶೆಯಲ್ಲಿ ಇರುವ ದಾರಿಯನ್ನು ತೆರವು ಮಾಡಿಸಿ, ಇಲ್ಲದ್ದನ್ನು ನಕಾಶೆಗೆ ಸೇರಿಸಿ.

ಇದು ದೊಡ್ಡ ಮಾತೇನಲ್ಲ. ಬ್ರಿಟನ್ನಿನ ವೇಲ್ಸ್ 2012ರಲ್ಲಿ ತನ್ನ ಕರಾವಳಿಯುದ್ದಕ್ಕೂ ಸುಮಾರು 1,400 ಕಿ.ಮೀ. ಕಾಲುದಾರಿಯನ್ನು ಜನರಿಗೆ ತೆರೆಯಿತು. ಕರ್ನಾಟಕದ ಇಡೀ ಕರಾವಳಿ ಸುಮಾರು 320 ಕಿ.ಮೀ., ನಾನು ಕೇಳುತ್ತಿರುವುದು ಅದರಲ್ಲೊಂದು ತುಣುಕು.

ದಯವಿಟ್ಟು ಕಾಂಕ್ರೀಟ್ ಮಾತ್ರ ಹಾಕಿಸಬೇಡಿ. ಮೆಟ್ಟಿಲು, ರೇಲಿಂಗ್, ಸೆಲ್ಫಿ ಪಾಯಿಂಟ್ ಯಾವುದೂ ಬೇಡ. ತಾರಿಯ ವೇಳೆ, ಮುಂದೆ ಕುಡಿಯುವ ನೀರು ಎಷ್ಟು ದೂರ, ಎಲ್ಲಿ ನೀರಿಗಿಳಿಯಬಾರದು ಎಂದು ಕನ್ನಡದಲ್ಲಿ ಬರೆದ ನಾಲ್ಕು ಬೋರ್ಡು ಸಾಕು. ಅಘನಾಶಿನಿಯಲ್ಲೂ ಬೇಲೆಕಾನದಲ್ಲೂ ಹೆಂಗಸರು ಹೋಗುವಂಥ ಒಂದೊಂದು ಶೌಚಾಲಯ ಬೇಕೇ ಬೇಕು. ಮಳೆಗಾಲದಲ್ಲಿ ಗುಡ್ಡದ ದಾರಿ ಬಂದ್ ಆಗಲಿ, ಆಗ ಆ ಕಲ್ಲು ಪಾಚಿಗಟ್ಟಿ ಜಾರುತ್ತದೆ.

ತಡ ಮಾಡುವಂತಿಲ್ಲ ಎನ್ನಲು ಕಾರಣವಿದೆ. 2024ರಲ್ಲಿ ಅಘನಾಶಿನಿ ನದಿಯ ಅಳಿವೆ, ಜಗತ್ತಿನ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು. ತಾರಿಯಲ್ಲಿ ಕೂತರೆ ಕಾಣುವ, ಉಪ್ಪುನೀರಲ್ಲಿ ಬೆಳೆಯುವ ಆ ಕಾಂಡ್ಲಾ ಗಿಡಗಳು, ಇಳಿತದಲ್ಲಿ ಸೊಂಟದ ನೀರಲ್ಲಿ ನಿಂತು ಬಳಚು ಎಂಬ ಚಿಪ್ಪುಮೀನು ಆರಿಸುವವರು, ಇವೆಲ್ಲ ಈಗ ಲೋಕದ ಕಣ್ಣಿಗೆ ಬಿದ್ದಿವೆ. ನೋಡಲು ಜನ ಬರಲಿ, ನಮಗೂ ಸಂತೋಷವೇ. ಆದರೆ ಜನ ಬಂದಂತೆ ಜಾಗದ ರೇಟು ಏರುತ್ತದೆ, ಹಿಂದೆಯೇ ಬೇಲಿ ಏಳುತ್ತದೆ. ಸರ್ವೆ ಅದಕ್ಕೂ ಮುಂಚೆ ಆಗಬೇಕು.

ನವೆಂಬರಿನಲ್ಲಿ ಮತ್ತೆ ಹೊರಡುತ್ತೇವೆ. ತಮಗೆ ಒಂದು ಮುಂಜಾನೆ ಬಿಡುವಾದರೆ ತಹಶೀಲ್ದಾರರನ್ನೂ ಕರೆದುಕೊಂಡು ಬೇಲೆಕಾನದಿಂದ ಓಂ ದಂಡೆವರೆಗಾದರೂ ನಮ್ಮ ಜತೆ ನಡೆಯಿರಿ. ಬೇಲಿ ಎಲ್ಲಿದೆಯೆಂದು ತೋರಿಸುತ್ತೇನೆ.

ಇಂತಿ,
ತಮ್ಮ ಕ್ಷೇತ್ರದ ಮತದಾರಳು